ಆಯುಷ್ಯ ಕೋಷ್ಟಕ: ಲಂಡನ್ನಿನ ಸಾವಿನ ಪಟ್ಟಿಯಿಂದ ಕಾಡಾನೆಯ ಲೆಕ್ಕದವರೆಗೆ

ಆನೆಗಳ ಗಣತಿ ಮುಗಿದ ನಂತರ ಪತ್ರಿಕೆಗಳಲ್ಲಿ ಒಂದು ಸಂಖ್ಯೆ ಪ್ರಕಟವಾಗುತ್ತದೆ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದ ಕಾಡುಗಳಲ್ಲಿ 6,395 ಆನೆಗಳಿದ್ದವು. ಹಿಂದಿನ ಗಣತಿಗಿಂತ ಹೆಚ್ಚಾಗಿದ್ದರೆ ಸಂತೋಷಪಡುತ್ತೇವೆ, ಕಡಿಮೆಯಾಗಿದ್ದರೆ ಆತಂಕಪಡುತ್ತೇವೆ. ಆದರೆ ಈ ಒಂದು ಸಂಖ್ಯೆಯನ್ನು ಹಿಡಿದು, ಇಪ್ಪತ್ತು ವರ್ಷಗಳ ನಂತರ ಎಷ್ಟು ಆನೆಗಳಿರುತ್ತವೆ ಎಂದು ಹೇಳಬಹುದೆ?

ಹೇಳಲಾಗದು. ತಲಾ ಸಾವಿರ ಆನೆಗಳಿರುವ ಎರಡು ಕಾಡುಗಳನ್ನು ಕಲ್ಪಿಸಿಕೊಳ್ಳಿ. ಒಂದರಲ್ಲಿ ಮರಿ ಹಾಕುವ ಪ್ರಾಯದ ಹೆಣ್ಣಾನೆಗಳು ಹೆಚ್ಚು. ಇನ್ನೊಂದರಲ್ಲಿ ಮುದಿ ಆನೆಗಳು ಹೆಚ್ಚು. ಇಂದು ಎರಡರ ಸಂಖ್ಯೆಯೂ ಒಂದೇ. ಆದರೆ ಅವುಗಳ ಮುಂದಿನ ದಾರಿ ಬೇರೆ ಬೇರೆ. ಆದ್ದರಿಂದ ಎಷ್ಟಿವೆ ಎಂಬುದರ ಜೊತೆಗೆ ಇನ್ನೂ ಮೂರು ವಿಷಯಗಳು ತಿಳಿದಿರಬೇಕು: ಯಾವ ವಯಸ್ಸಿನವು ಎಷ್ಟಿವೆ, ಯಾವ ವಯಸ್ಸಿನಲ್ಲಿ ಎಷ್ಟು ಸಾಯುತ್ತವೆ, ಯಾವ ವಯಸ್ಸಿನಲ್ಲಿ ಎಷ್ಟು ಮರಿ ಹಾಕುತ್ತವೆ. ಇವುಗಳಲ್ಲಿ ಸಾವಿನ ಲೆಕ್ಕವನ್ನು ವಯಸ್ಸಿನ ಕ್ರಮದಲ್ಲಿ ಬರೆದಿಡುವ ಪಟ್ಟಿಯೇ ಆಯುಷ್ಯ ಕೋಷ್ಟಕ. ವಿಮೆಯವರೂ ಜೀವವಿಜ್ಞಾನಿಗಳೂ ಲೈಫ್ ಟೇಬಲ್ ಎಂದು ಕರೆಯುವುದು ಇದನ್ನೇ. ಮನುಷ್ಯರ ಸಾವನ್ನು ಎಣಿಸಲು ಹುಟ್ಟಿದ ಈ ಪಟ್ಟಿ ಪ್ರಾಣಿಗಳ ಭವಿಷ್ಯವನ್ನು ಲೆಕ್ಕ ಹಾಕುವ ಸಾಧನವಾಗಲು ಸುಮಾರು 280 ವರ್ಷಗಳು ಬೇಕಾದವು. ಆ ಚರಿತ್ರೆಯನ್ನು ಇಲ್ಲಿ ನೋಡೋಣ.

ಲಂಡನ್ನಿನ ವ್ಯಾಪಾರಿ, ಬ್ರೆಸ್ಲಾದ ಪಾದ್ರಿ

1662ರಲ್ಲಿ ಜಾನ್ ಗ್ರಾಂಟ್ ಎಂಬ ಲಂಡನ್ನಿನ ವ್ಯಾಪಾರಿ ಒಂದು ಪುಟ್ಟ ಪುಸ್ತಕ ಪ್ರಕಟಿಸಿದ. ಲಂಡನ್ನಿನಲ್ಲಿ ಪ್ರತಿವಾರ ಅಚ್ಚಾಗುತ್ತಿದ್ದ ಸಾವಿನ ಪಟ್ಟಿಗಳೇ ಅದಕ್ಕೆ ಆಧಾರ. ಆ ಪಟ್ಟಿಗಳಲ್ಲಿ ಸಾವಿನ ಕಾರಣ ಇರುತ್ತಿತ್ತು, ಸತ್ತವರ ವಯಸ್ಸು ಇರುತ್ತಿರಲಿಲ್ಲ. ಮಕ್ಕಳಿಗೇ ಬರುವ ರೋಗಗಳು ಯಾವುವು, ಮುಪ್ಪಿನ ಸಾವು ಯಾವುದು ಎಂದು ವಿಂಗಡಿಸಿ ಗ್ರಾಂಟ್ ಒಂದು ಅಂದಾಜು ಮಾಡಿದ. ನೂರು ಜೀವಗಳಲ್ಲಿ 6ನೆಯ ವಯಸ್ಸಿಗೆ ಉಳಿಯುವವರು 64, 16ಕ್ಕೆ 40, 26ಕ್ಕೆ 25, 36ಕ್ಕೆ 16, 46ಕ್ಕೆ 10, 56ಕ್ಕೆ 6, 66ಕ್ಕೆ 3, 76ಕ್ಕೆ ಒಬ್ಬರು ಮಾತ್ರ.

ಭೌತವಿಜ್ಞಾನ ಓದಿದವರಿಗೆ ಈ ಪಟ್ಟಿಯಲ್ಲಿ ಪರಿಚಿತವಾದ ಒಂದು ವಿಷಯ ಕಾಣುತ್ತದೆ. 64ರಿಂದ 40, 40ರಿಂದ 25, 25ರಿಂದ 16, 16ರಿಂದ 10 – ಪ್ರತಿ ಹತ್ತು ವರ್ಷಕ್ಕೆ ಎಂಟರಲ್ಲಿ ಐದು ಪಾಲು ಉಳಿಯುತ್ತದೆ. ಇದು ವಿಕಿರಣಪಟು ವಸ್ತುವಿನ ಕ್ಷಯದ ನಿಯಮ! ಗ್ರಾಂಟನ ಲಂಡನ್ನಿಗರಿಗೆ ಸುಮಾರು 15 ವರ್ಷಗಳ ಅರ್ಧಾಯು ಇದ್ದಂತಾಯಿತು. ಆದರೆ ಪರಮಾಣುವಿನ ಬೀಜಕ್ಕೆ ಮುಪ್ಪಿಲ್ಲ. ನಿನ್ನೆ ರೂಪುಗೊಂಡ ರೇಡಿಯಮ್ ಬೀಜಕ್ಕೂ ಸಾವಿರ ವರ್ಷ ಹಳೆಯ ಬೀಜಕ್ಕೂ ನಾಳೆ ಕ್ಷಯಿಸುವ ಸಂಭವನೀಯತೆ ಒಂದೇ. ಮನುಷ್ಯನಿಗೆ ಹಾಗಲ್ಲ.

ಇದನ್ನು ನಿಜವಾದ ದತ್ತಾಂಶದಿಂದ ತೋರಿಸಿದವನು ಧೂಮಕೇತುವಿನಿಂದ ನಮಗೆ ಪರಿಚಿತನಾದ ಎಡ್ಮಂಡ್ ಹ್ಯಾಲಿ. ಬ್ರೆಸ್ಲಾ ನಗರದ (ಇಂದು ಪೋಲೆಂಡಿನ ವ್ರೊಟ್ಸ್ವಾಫ್) ಪಾದ್ರಿ ಕಾಸ್ಪರ್ ನ್ಯೂಮನ್ 1687ರಿಂದ 1691ರವರೆಗೆ ತನ್ನ ನಗರದ ಹುಟ್ಟು ಸಾವುಗಳನ್ನು ವಯಸ್ಸಿನ ಸಮೇತ ಬರೆದಿಟ್ಟಿದ್ದ. ಆ ಕಾಗದಗಳು ಲಂಡನ್ನಿನ ರಾಯಲ್ ಸೊಸೈಟಿಗೆ ತಲುಪಿದವು. ಅವುಗಳಿಂದ ಹ್ಯಾಲಿ 1693ರಲ್ಲಿ ಒಂದು ಕೋಷ್ಟಕ ರಚಿಸಿದ. ಮೊದಲ ಸಾಲಿನಲ್ಲಿ 1,000 ಮಂದಿ. 20ನೆಯ ವಯಸ್ಸಿಗೆ 598, 30ಕ್ಕೆ 531, 50ಕ್ಕೆ 346, 60ಕ್ಕೆ 242, 70ಕ್ಕೆ 142, 80ಕ್ಕೆ 41. ಇದರಿಂದ ಹತ್ತು ವರ್ಷಗಳಲ್ಲಿ ಸಾಯುವವರ ಪ್ರಮಾಣ ಲೆಕ್ಕ ಹಾಕಿ: 20ರಿಂದ 30ರ ನಡುವೆ ಶೇಕಡ 11, 50ರಿಂದ 60ರ ನಡುವೆ ಶೇಕಡ 30, 70ರಿಂದ 80ರ ನಡುವೆ ಶೇಕಡ 71. ಹ್ಯಾಲಿಯ ಉದ್ದೇಶ ಪ್ರಾಯೋಗಿಕವಾದದ್ದು. ಅಂದಿನ ಇಂಗ್ಲೆಂಡ್ ಸರ್ಕಾರ ಜೀವನಪರ್ಯಂತ ವರ್ಷಾಶನವನ್ನು ವಯಸ್ಸು ಕೇಳದೆ ಒಂದೇ ಬೆಲೆಗೆ ಮಾರುತ್ತಿತ್ತು. ಹತ್ತು ವರ್ಷದ ಬಾಲಕನಿಗೂ ಅರವತ್ತರ ಮುದುಕನಿಗೂ ಒಂದೇ ಬೆಲೆ ಹೇಗೆ ಸರಿ ಎಂಬುದು ಅವನ ಪ್ರಶ್ನೆ.

ಹ್ಯಾಲಿಯ ಕೋಷ್ಟಕ ಸಾವಿನ ಕಥೆಯನ್ನಷ್ಟೇ ಹೇಳುತ್ತದೆ. ಜನಸಂಖ್ಯೆ ಬೆಳೆಯುತ್ತದೆಯೆ ಕುಗ್ಗುತ್ತದೆಯೆ ಎಂದು ಹೇಳಲು ಅದಕ್ಕೆ ಹುಟ್ಟನ್ನು ಜೋಡಿಸಬೇಕಾಗಿತ್ತು.

ಆಯ್ಲರ್‌ನಿಂದ ಲೋಟ್ಕವರೆಗೆ

ಆ ಜೋಡಣೆಯನ್ನು ಮೊದಲು ಮಾಡಿದವನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್. 1760ರ ತನ್ನ ಪ್ರಬಂಧದಲ್ಲಿ ಅವನು ಒಂದು ಸರಳ ತರ್ಕವನ್ನು ಮುಂದಿಟ್ಟ. ಜನಸಂಖ್ಯೆ ಪ್ರತಿವರ್ಷ ಒಂದೇ ಅನುಪಾತದಲ್ಲಿ ಬೆಳೆಯುತ್ತಿದೆ ಎನ್ನೋಣ. ಇಂದು 30 ವರ್ಷದವರಾಗಿರುವವರು 30 ವರ್ಷದ ಹಿಂದೆ ಹುಟ್ಟಿದವರು. ಆಗ ಜನಸಂಖ್ಯೆ ಕಡಿಮೆಯಿದ್ದುದರಿಂದ ಹುಟ್ಟಿದವರೂ ಕಡಿಮೆ. ಅವರಲ್ಲಿ ಕೋಷ್ಟಕದ ಪ್ರಕಾರ ಉಳಿದವರು ಇನ್ನೂ ಕಡಿಮೆ. ಹೀಗೆ ಪ್ರತಿ ವಯಸ್ಸಿನಲ್ಲಿಯೂ ಎಷ್ಟು ಜನರಿದ್ದಾರೆ ಎಂಬುದು ಎರಡೇ ವಿಷಯಗಳಿಂದ ನಿರ್ಧಾರವಾಗುತ್ತದೆ: ಆಯುಷ್ಯ ಕೋಷ್ಟಕ ಮತ್ತು ಬೆಳವಣಿಗೆಯ ಅನುಪಾತ. ಬೇಗ ಬೆಳೆಯುವ ಸಮಾಜದಲ್ಲಿ ಮಕ್ಕಳು ಹೆಚ್ಚು, ನಿಂತ ಸಮಾಜದಲ್ಲಿ ಮುದುಕರ ಪಾಲು ಹೆಚ್ಚು.

ಆಯ್ಲರ್ ಒಂದೇ ಅನುಪಾತದ ಬೆಳವಣಿಗೆಯನ್ನು ಊಹಿಸಿಕೊಂಡಿದ್ದ. ಯಾವುದೇ ಸಮಾಜ ಅಂತಹ ಸ್ಥಿತಿಗೆ ತಾನಾಗಿಯೇ ಬರುತ್ತದೆಯೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವನು ಆಲ್‌ಫ್ರೆಡ್ ಲೋಟ್ಕ. 1880ರಲ್ಲಿ ಲೆಂಬರ್ಗ್ ನಗರದಲ್ಲಿ (ಇಂದು ಉಕ್ರೇನಿನ ಲ್ವಿವ್) ಹುಟ್ಟಿದ ಲೋಟ್ಕ ಓದಿದ್ದು ಭೌತ ರಸಾಯನವಿಜ್ಞಾನ; ಮುಂದೆ ಸೇರಿದ್ದು ನ್ಯೂಯಾರ್ಕಿನ ಜೀವವಿಮಾ ಕಂಪನಿಯನ್ನು. 1911ರಲ್ಲಿ ಅವನು ಮತ್ತು ಗಣಿತಜ್ಞ ಎಫ್. ಆರ್. ಶಾರ್ಪ್ ಸೇರಿ ಬರೆದ ಪ್ರಬಂಧ ಪ್ರಕಟವಾದದ್ದು ಫಿಲಾಸಫಿಕಲ್ ಮ್ಯಾಗಝಿನ್‌ನಲ್ಲಿ, ಎಂದರೆ ರುದರ್‌ಫರ್ಡ್ ತನ್ನ ಪರಮಾಣು ಬೀಜದ ಪ್ರಬಂಧವನ್ನು ಅದೇ ವರ್ಷ ಪ್ರಕಟಿಸಿದ ಪತ್ರಿಕೆಯಲ್ಲಿ! ವಯಸ್ಸಿಗೆ ತಕ್ಕ ಹುಟ್ಟು ಸಾವಿನ ದರಗಳು ಬದಲಾಗದೆ ಉಳಿದರೆ, ಆರಂಭದಲ್ಲಿ ವಯಸ್ಸಿನ ಹಂಚಿಕೆ ಹೇಗೇ ಇರಲಿ, ಕಾಲಕ್ರಮೇಣ ಅದು ಒಂದು ಸ್ಥಿರ ಹಂಚಿಕೆಯತ್ತ ಸಾಗುತ್ತದೆ ಎಂದು ಅವರು ತೋರಿಸಿದರು. ನಂತರ ಇಡೀ ಸಮೂಹ ಒಂದೇ ದರದಲ್ಲಿ ಬೆಳೆಯುತ್ತದೆ ಅಥವಾ ಕುಗ್ಗುತ್ತದೆ.

ಇದರ ಪ್ರಾಯೋಗಿಕ ಅರ್ಥ 1925ರಲ್ಲಿ ಸ್ಪಷ್ಟವಾಯಿತು. ಲೂಯಿ ಡಬ್ಲಿನ್ ಮತ್ತು ಲೋಟ್ಕ ಅಮೆರಿಕದ 1920ರ ಅಂಕಿ ಅಂಶಗಳನ್ನು ಪರಿಶೀಲಿಸಿದಾಗ, ಹುಟ್ಟಿನಿಂದ ಸಾವನ್ನು ಕಳೆದು ಬಂದ ಬೆಳವಣಿಗೆಯ ದರಕ್ಕಿಂತ ನಿಜವಾದ ದರ ಸುಮಾರು ಅರ್ಧದಷ್ಟಿತ್ತು. ಹಿಂದಿನ ಹೆಚ್ಚಿನ ಜನನ ಹಾಗೂ ವಲಸೆಯಿಂದಾಗಿ ಆ ದೇಶದಲ್ಲಿ ಹೆರುವ ಪ್ರಾಯದವರು ಹೆಚ್ಚಾಗಿದ್ದರು, ಅಷ್ಟೆ. ಒಟ್ಟು ಸಂಖ್ಯೆ ಏರುತ್ತಿದ್ದರೂ ಅದರ ಒಳಗಿನ ಶಕ್ತಿ ಕುಗ್ಗುತ್ತಿರಬಹುದು!

ನೊಣದ ಬಾಟಲಿ, ಕುರಿಯ ಕೊಂಬು

ಇಲ್ಲಿಯವರೆಗೆ ಎಲ್ಲವೂ ಮನುಷ್ಯರ ವಿಚಾರವೇ. ಪ್ರಾಣಿಗಳಿಗೆ ಜನನ ಮರಣದ ನೋಂದಣಿ ಕಚೇರಿ ಇಲ್ಲವಲ್ಲ! ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ರೇಮಂಡ್ ಪರ್ಲ್ ಮತ್ತು ಸಿಲ್ವಿಯಾ ಪಾರ್ಕರ್ 1921ರಲ್ಲಿ ಹಣ್ಣಿನ ನೊಣಗಳನ್ನು ಬಾಟಲಿಗಳಲ್ಲಿ ಸಾಕಿ, ಹುಟ್ಟಿದ ದಿನದಿಂದ ಕೊನೆಯದು ಸಾಯುವವರೆಗೆ ಎಣಿಸಿ ಆಯುಷ್ಯ ಕೋಷ್ಟಕ ತಯಾರಿಸಿದರು. ಒಟ್ಟಿಗೆ ಹುಟ್ಟಿದ ಗುಂಪೊಂದನ್ನು ಕೊನೆಯವರೆಗೆ ಹಿಂಬಾಲಿಸುವುದು ಕೋಷ್ಟಕ ರಚಿಸುವ ಮೊದಲ ವಿಧಾನ.

ಕಾಡಿನಲ್ಲಿ ಇದು ಕಷ್ಟ. ಅಲ್ಲಿ ಬೇಕಾದದ್ದು ಸತ್ತ ಪ್ರಾಣಿಯ ವಯಸ್ಸನ್ನು ಹೇಳುವ ಗುರುತು. ಅಲಾಸ್ಕದ ಮೌಂಟ್ ಮೆಕಿನ್ಲಿ ರಾಷ್ಟ್ರೀಯ ಉದ್ಯಾನದಲ್ಲಿ (ಇಂದಿನ ಡೆನಾಲಿ) ತೋಳಗಳನ್ನು ಅಧ್ಯಯನ ಮಾಡುತ್ತಿದ್ದ ಅಡಾಲ್ಫ್ ಮ್ಯೂರಿ, ಡಾಲ್ ಎಂಬ ಕಾಡುಕುರಿಯ ತಲೆಬುರುಡೆಗಳನ್ನು ಸಂಗ್ರಹಿಸಿದ. ಈ ಕುರಿಯ ಕೊಂಬಿನಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಮರದ ಕಾಂಡದ ಹಾಗೆ ಎಣಿಸಬಹುದು. ಮ್ಯೂರಿ 1944ರಲ್ಲಿ ಪ್ರಕಟಿಸಿದ ಮಾಹಿತಿಯಲ್ಲಿನ 608 ಬುರುಡೆಗಳಿಂದ ಎಡ್ವರ್ಡ್ ಡೀವಿ 1947ರಲ್ಲಿ ಆಯುಷ್ಯ ಕೋಷ್ಟಕ ರಚಿಸಿದ. ಮೊದಲ ವರ್ಷದಲ್ಲಿ ಸಾವು ಹೆಚ್ಚು, ನಂತರ ಎಂಟು ಒಂಬತ್ತು ವರ್ಷದವರೆಗೆ ಕಡಿಮೆ, ಆಮೇಲೆ ಮತ್ತೆ ಹೆಚ್ಚು ಎಂಬುದು ಕಂಡುಬಂತು. ತೋಳಗಳು ಎಳೆಯವನ್ನೂ ಮುದಿಯವನ್ನೂ ಹಿಡಿಯುತ್ತಿದ್ದವು, ಪ್ರಾಯದವು ತಪ್ಪಿಸಿಕೊಳ್ಳುತ್ತಿದ್ದವು. ಬುರುಡೆ ಎಣಿಸುವ ಈ ಎರಡನೆಯ ವಿಧಾನ ಸರಿಯಾಗಬೇಕಾದರೆ ಹಿಂಡಿನ ಗಾತ್ರ ಬಹುಕಾಲ ಬದಲಾಗದೆ ಇದ್ದಿರಬೇಕು ಎಂಬುದನ್ನು ಮರೆಯಬಾರದು.

ರಂಗೂನಿನ ದುಂಬಿ

ಕೋಷ್ಟಕ ಕೈಯಲ್ಲಿದ್ದರೆ ಮುಂದಿನ ವರ್ಷದ ಲೆಕ್ಕ ಹೇಗೆ? ಇದಕ್ಕೆ ಅತ್ಯಂತ ಸುಲಭವಾದ ದಾರಿ ಸ್ವತಂತ್ರವಾಗಿ ಮೂರು ಕಡೆ ಹೊಳೆಯಿತು. ಅವುಗಳಲ್ಲಿ ಎರಡು ನಮ್ಮ ನೆರೆಹೊರೆಯಲ್ಲಿಯೇ ಪ್ರಕಟವಾದವು ಎಂಬುದು ವಿಶೇಷ.

ಮೊದಲನೆಯದು ಬರ್ಮಾದಲ್ಲಿ. ರಂಗೂನ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಹ್ಯಾರೊ ಬರ್ನಾರ್ಡೆಲ್ಲಿ ಬರ್ಮಾದ ಜನಗಣತಿಗಳಲ್ಲಿ ವಯಸ್ಸಿನ ಹಂಚಿಕೆ ಏರಿಳಿಯುವುದನ್ನು ಕಂಡು, 1941ರಲ್ಲಿ ಬರ್ಮಾ ಸಂಶೋಧನ ಸಂಘದ ಪತ್ರಿಕೆಯಲ್ಲಿ ಜನಸಂಖ್ಯೆಯ ಅಲೆಗಳ ಬಗ್ಗೆ ಬರೆದ. ಮರುವರ್ಷ ಮಾರ್ಚ್‌ನಲ್ಲಿ ರಂಗೂನ್ ಜಪಾನಿ ಸೇನೆಯ ವಶವಾಯಿತು. ಎರಡನೆಯದು ಇ. ಜಿ. ಲೂಯಿಸ್ 1942ರಲ್ಲಿ ಬರೆದ ಪ್ರಬಂಧ. ಅದು ಪ್ರಕಟವಾದದ್ದು ಪಿ. ಸಿ. ಮಹಾಲನೋಬಿಸ್ ಅವರು 1933ರಲ್ಲಿ ಕಲ್ಕತ್ತಾದಿಂದ ಆರಂಭಿಸಿದ ‘ಸಂಖ್ಯಾ’ ಪತ್ರಿಕೆಯಲ್ಲಿ. ಯುದ್ಧದ ಗಲಾಟೆಯಲ್ಲಿ ಎರಡೂ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ.

ಬರ್ನಾರ್ಡೆಲ್ಲಿ ಕೊಟ್ಟ ಉದಾಹರಣೆ ಒಂದು ಕಾಲ್ಪನಿಕ ದುಂಬಿ. ಅದು ಮೂರು ವರ್ಷ ಬದುಕುತ್ತದೆ. ಮೊದಲ ವರ್ಷದವುಗಳಲ್ಲಿ ಅರ್ಧದಷ್ಟು ಎರಡನೆಯ ವರ್ಷಕ್ಕೆ ಉಳಿಯುತ್ತವೆ. ಎರಡನೆಯ ವರ್ಷದವುಗಳಲ್ಲಿ ಮೂರನೆಯ ಒಂದು ಪಾಲು ಮೂರನೆಯ ವರ್ಷಕ್ಕೆ ಉಳಿಯುತ್ತವೆ. ಮೂರನೆಯ ವರ್ಷದ ಪ್ರತಿಯೊಂದು ಹೆಣ್ಣೂ 6 ಹೆಣ್ಣು ಮರಿಗಳಿಗೆ ಜನ್ಮ ಕೊಟ್ಟು ಸಾಯುತ್ತದೆ. (ಇಂತಹ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಹೆಣ್ಣುಗಳನ್ನು ಮಾತ್ರ ಎಣಿಸುತ್ತಾರೆ.) ಮೂರೂ ವಯಸ್ಸಿನಲ್ಲಿ 60ರಂತೆ ಇರುವ ಸಮೂಹದಿಂದ ನಾವು ಆರಂಭಿಸೋಣ.

ಆರಂಭದಲ್ಲಿ: 60, 60, 60 – ಒಟ್ಟು 180
1 ವರ್ಷದ ನಂತರ: 360, 30, 20 – ಒಟ್ಟು 410
2 ವರ್ಷದ ನಂತರ: 120, 180, 10 – ಒಟ್ಟು 310
3 ವರ್ಷದ ನಂತರ: 60, 60, 60 – ಒಟ್ಟು 180

ಮೂರು ವರ್ಷದಲ್ಲಿ ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದೆವು! ಈ ಚಕ್ರ ಕೊನೆಯಿಲ್ಲದೆ ಸುತ್ತುತ್ತದೆ. ಮಳೆ ಹೆಚ್ಚು ಕಡಿಮೆಯಾಗಿಲ್ಲ, ರೋಗ ಬಂದಿಲ್ಲ, ಬೇಟೆಗಾರ ಪ್ರಾಣಿ ಇಲ್ಲ. ಆದರೂ ಸಂಖ್ಯೆ ಒಂದು ವರ್ಷ ಎರಡು ಪಟ್ಟಿಗೂ ಮೀರಿ ಏರುತ್ತದೆ, ಮತ್ತೆ ಇಳಿಯುತ್ತದೆ. ಎರಡು ಗಣತಿಗಳ ನಡುವಿನ ವ್ಯತ್ಯಾಸವನ್ನು ಕಂಡ ಕೂಡಲೆ ಹೊರಗಿನ ಕಾರಣ ಹುಡುಕುವವರಿಗೆ ಈ ದುಂಬಿ ಒಳ್ಳೆಯ ಎಚ್ಚರಿಕೆ.

ಲೆಸ್ಲಿಯ ಮಾತೃಕೆ

ಈ ವಿಧಾನವನ್ನು ಜೀವವಿಜ್ಞಾನಕ್ಕೆ ಭದ್ರವಾಗಿ ಜೋಡಿಸಿದವನು ಪ್ಯಾಟ್ರಿಕ್ ಹೋಲ್ಟ್ ಲೆಸ್ಲಿ. 1900ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಇವನು ಆಕ್ಸ್‌ಫರ್ಡ್‌ನಲ್ಲಿ ಶರೀರಕ್ರಿಯಾವಿಜ್ಞಾನ ಓದಿದ. ಶ್ವಾಸಕೋಶದ ಕಾಯಿಲೆಯಿಂದಾಗಿ ವೈದ್ಯಕೀಯ ವ್ಯಾಸಂಗವನ್ನು ಪೂರೈಸಲಾಗಲಿಲ್ಲ. ಬ್ಯಾಕ್ಟೀರಿಯಾ ವಿಜ್ಞಾನದಲ್ಲಿ ಕೆಲವು ವರ್ಷ ಸಹಾಯಕನಾಗಿದ್ದು, ಸಂಖ್ಯಾಶಾಸ್ತ್ರದ ಕಡೆಗೆ ತಿರುಗಿ, 1935ರಲ್ಲಿ ಆಕ್ಸ್‌ಫರ್ಡ್‌ನ ಪ್ರಾಣಿಸಂಖ್ಯಾ ಕೇಂದ್ರವನ್ನು ಸೇರಿದ. ಈ ಕೇಂದ್ರವನ್ನು 1932ರಲ್ಲಿ ಸ್ಥಾಪಿಸಿದವನು ಪರಿಸರ ವಿಜ್ಞಾನದ ಹಿರಿಯ ಚಾರ್ಲ್ಸ್ ಎಲ್ಟನ್.

ವೋಲ್ ಎಂಬ ಹುಲ್ಲುಗಾವಲಿನ ಇಲಿಗಳ ಸಂಖ್ಯೆ ಏಕೆ ಏರಿಳಿಯುತ್ತದೆ ಎಂಬುದು ಎಲ್ಟನ್‌ನ ಕುತೂಹಲ. ಪ್ರಯೋಗಾಲಯದಲ್ಲಿ ಸಾಕಿದ ವೋಲ್‌ಗಳ ಆಯುಷ್ಯ ಕೋಷ್ಟಕವನ್ನು ಲೆಸ್ಲಿ ಮತ್ತು ರ್‍ಯಾನ್ಸನ್ 1940ರಲ್ಲಿ ಪ್ರಕಟಿಸಿದರು. ಲೋಟ್ಕನ ವಿಧಾನದಿಂದ ಲೆಕ್ಕ ಹಾಕಿದಾಗ, ಸ್ಥಳ ಆಹಾರಗಳಿಗೆ ಅಡ್ಡಿಯಿಲ್ಲದಿದ್ದರೆ ಅವು ವಾರಕ್ಕೆ ಸುಮಾರು ಶೇಕಡ 9ರಂತೆ ಹೆಚ್ಚಬಲ್ಲವು ಎಂದು ತಿಳಿಯಿತು. ಎಂಟು ವಾರಗಳಲ್ಲಿ ಎರಡರಷ್ಟು! ಅಷ್ಟರಲ್ಲಿ ಯುದ್ಧ ಆರಂಭವಾಗಿತ್ತು. ಬ್ರಿಟನ್ನಿನ ಧಾನ್ಯದ ಉಗ್ರಾಣಗಳನ್ನು ಇಲಿ ಹೆಗ್ಗಣಗಳಿಂದ ಕಾಪಾಡುವುದು ಈ ಕೇಂದ್ರದ ಮುಖ್ಯ ಕೆಲಸವಾಯಿತು. 1945ರಲ್ಲಿ ಬಯೊಮೆಟ್ರಿಕಾ ಪತ್ರಿಕೆಯಲ್ಲಿ ಲೆಸ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಉದಾಹರಣೆಯೂ ಕಂದು ಇಲಿಯೇ.

ಲೆಸ್ಲಿ ಮಾಡಿದ್ದೇನು? ಹುಟ್ಟು ಮತ್ತು ಉಳಿವಿನ ಸಂಖ್ಯೆಗಳನ್ನು ಒಂದು ಚೌಕದಲ್ಲಿ, ಎಂದರೆ ಮಾತೃಕೆಯ ರೂಪದಲ್ಲಿ, ಜೋಡಿಸಿದ. ಮೊದಲ ಸಾಲಿನಲ್ಲಿ ಪ್ರತಿ ವಯಸ್ಸಿನ ಹೆಣ್ಣು ಹೆರುವ ಹೆಣ್ಣು ಮರಿಗಳ ಸಂಖ್ಯೆ, ಕರ್ಣದ ಕೆಳಗಿನ ಓರೆ ಸಾಲಿನಲ್ಲಿ ಒಂದು ವಯಸ್ಸಿನಿಂದ ಮುಂದಿನದಕ್ಕೆ ಉಳಿಯುವ ಪ್ರಮಾಣ, ಉಳಿದೆಡೆ ಸೊನ್ನೆ. ಬರ್ನಾರ್ಡೆಲ್ಲಿಯ ದುಂಬಿಯನ್ನು ಸ್ವಲ್ಪ ಬದಲಾಯಿಸೋಣ. ಎರಡನೆಯ ವರ್ಷದ ಹೆಣ್ಣು 1 ಮರಿ, ಮೂರನೆಯ ವರ್ಷದ ಹೆಣ್ಣು 3 ಮರಿ ಹೆರಲಿ. ಆಗ ಮಾತೃಕೆ ಹೀಗಿರುತ್ತದೆ:

0   1   3
1/2   0   0
0   1/3   0

ಇಂದಿನ ಸಂಖ್ಯೆಗಳನ್ನು ಈ ಮಾತೃಕೆಯಿಂದ ಒಮ್ಮೆ ಗುಣಿಸಿದರೆ ಮುಂದಿನ ವರ್ಷ, ಹತ್ತು ಸಲ ಗುಣಿಸಿದರೆ ಹತ್ತು ವರ್ಷ. 60, 60, 60ರಿಂದ ಹೊರಟರೆ ಒಟ್ಟು ಸಂಖ್ಯೆ ಕ್ರಮವಾಗಿ 180, 290, 220, 235, 255, 228, 245, 241 ಆಗುತ್ತದೆ. ಈ ಸಲ ಅಲೆ ಕ್ರಮೇಣ ಅಡಗಿ, ಒಟ್ಟು 240ಕ್ಕೆ ನಿಲ್ಲುತ್ತದೆ: 144, 72, 24. ಓದುಗರು ಪೆನ್ಸಿಲ್ ಹಿಡಿದು ತಾವೇ ಪರೀಕ್ಷಿಸಬಹುದು.

ಮೊದಲ ದುಂಬಿಯ ಅಲೆ ಅಡಗದೆ ಇದ್ದು, ಎರಡನೆಯದರ ಅಲೆ ಅಡಗಿದ್ದೇಕೆ? ಉತ್ತರ ಮಾತೃಕೆಯ ಐಗನ್ ಮೌಲ್ಯಗಳಲ್ಲಿದೆ. ಮೊದಲ ದುಂಬಿಯ ಮೂರು ಐಗನ್ ಮೌಲ್ಯಗಳು 1ರ ಮೂರು ಘನಮೂಲಗಳು. ಮೂರಕ್ಕೂ ಒಂದೇ ಪರಿಮಾಣ. ಯಾವುದೂ ಇನ್ನೊಂದನ್ನು ಮೀರಿಸದು. ಎರಡನೆಯದರಲ್ಲಿ ಒಂದು ಮೌಲ್ಯ 1, ಉಳಿದೆರಡು ಸಂಮಿಶ್ರ ಸಂಖ್ಯೆಗಳು. ಅವುಗಳ ಪರಿಮಾಣ ಸುಮಾರು 0.71. ಆದ್ದರಿಂದ ಅಲೆಯ ಪಾರ ಪ್ರತಿವರ್ಷ ಸುಮಾರು 0.71ರ ಪಟ್ಟು ಕುಗ್ಗುತ್ತದೆ. ಅವಮಂದಿತ ಲೋಲಕದಲ್ಲಿ ನಾವು ನೋಡುವುದೂ ಇದನ್ನೇ. ಎಲ್ಲಕ್ಕಿಂತ ದೊಡ್ಡದಾದ ಐಗನ್ ಮೌಲ್ಯವೇ ವಾರ್ಷಿಕ ಬೆಳವಣಿಗೆಯ ಅನುಪಾತ. ಅದು 1ಕ್ಕಿಂತ ಹೆಚ್ಚಾದರೆ ಸಮೂಹ ಬೆಳೆಯುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ಧನಾತ್ಮಕ ಮಾತೃಕೆಗಳ ಬಗ್ಗೆ ಪೆರಾನ್ 1907ರಲ್ಲಿ, ಋಣವಲ್ಲದ ಮಾತೃಕೆಗಳ ಬಗ್ಗೆ ಫ್ರೊಬೆನಿಯಸ್ 1912ರಲ್ಲಿ ಸಾಧಿಸಿದ್ದ ಪ್ರಮೇಯಗಳು ಇಲ್ಲಿ ಉಪಯೋಗಕ್ಕೆ ಬಂದವು. 1925ರಲ್ಲಿ ಮಾತೃಕೆಗಳು ಕ್ವಾಂಟಮ್ ಸಿದ್ಧಾಂತದೊಳಕ್ಕೆ ಬಂದಾಗ ಭೌತವಿಜ್ಞಾನಿಗಳಿಗೇ ಅವು ಅಪರಿಚಿತವಾಗಿದ್ದವು. ಇಪ್ಪತ್ತು ವರ್ಷಗಳ ನಂತರ ಪ್ರಾಣಿವಿಜ್ಞಾನಿಗಳ ಸರದಿ. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ದೊಡ್ಡ ಮಾತೃಕೆಗಳ ಲೆಕ್ಕ ಬಹಳ ಶ್ರಮದ ಕೆಲಸವಾಗಿತ್ತು. ಲೆಸ್ಲಿಯ ವಿಧಾನ ವ್ಯಾಪಕವಾಗಿ ಬಳಕೆಗೆ ಬಂದದ್ದು 1960ರ ದಶಕದ ನಂತರವೇ.

ಆದರೂ ಆಯುಷ್ಯ ಕೋಷ್ಟಕದ ಬಲವನ್ನು ತೋರಿಸಿದ ಒಂದು ಉದಾಹರಣೆ ಬೇಗನೆ ಬಂತು. ಆಸ್ಟ್ರೇಲಿಯದ ಚಾರ್ಲ್ಸ್ ಬರ್ಚ್ 1948ರಲ್ಲಿ ಧಾನ್ಯದ ಸೊಂಡಿಲು ಹುಳುವಿನ ಲೆಕ್ಕವನ್ನು ಪ್ರಕಟಿಸಿದ. ಅಕ್ಕಿ ಗೋಧಿಯ ಕಾಳನ್ನು ಕೊರೆದು ಒಳಗೆ ಮೊಟ್ಟೆ ಇಡುವ ಈ ಹುಳು ನಮ್ಮ ಅಡುಗೆಮನೆಗಳಲ್ಲಿ ಎಲ್ಲರಿಗೂ ಪರಿಚಿತ. 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸಂಖ್ಯೆ ವಾರಕ್ಕೆ ಸುಮಾರು 2.1 ಪಟ್ಟಾಗಬಲ್ಲುದು. ಇನ್ನೂ ಸ್ವಾರಸ್ಯದ ವಿಷಯವೆಂದರೆ, ಸ್ಥಿರ ಹಂಚಿಕೆಯಲ್ಲಿ ಪ್ರೌಢ ಹುಳುಗಳು ಶೇಕಡ 5ಕ್ಕಿಂತ ಕಡಿಮೆ. ಉಳಿದವು ಮೊಟ್ಟೆ, ಮರಿಹುಳು, ಕೋಶಗಳಾಗಿ ಕಾಳಿನೊಳಗೆ ಅಡಗಿರುತ್ತವೆ. ಹಾಗೆ ಬೆಳೆಯುತ್ತಿರುವ ಸಮೂಹದಲ್ಲಿ ಕಣ್ಣಿಗೆ ಒಂದು ಹುಳು ಕಂಡರೆ ಕಾಣದವು ಇಪ್ಪತ್ತು ಇವೆ ಎಂದು ತಿಳಿಯಬೇಕು!

ಯಾವ ವಯಸ್ಸಿನ ಜೀವಕ್ಕೆ ಎಷ್ಟು ಬೆಲೆ?

ನಮ್ಮ ಎರಡನೆಯ ದುಂಬಿಯಿಂದ ಇನ್ನೊಂದು ವಿಷಯ ಕಲಿಯಬಹುದು. ಒಂದು ಬಯಲಿನಲ್ಲಿ 360 ಎಳೆಯವನ್ನು, ಇನ್ನೊಂದರಲ್ಲಿ ಎರಡನೆಯ ವರ್ಷದ 180ನ್ನು, ಮತ್ತೊಂದರಲ್ಲಿ ಮೂರನೆಯ ವರ್ಷದ 120ನ್ನು ಬಿಟ್ಟು ಲೆಕ್ಕ ಹಾಕಿ. ಮೂರೂ ಕಡೆ ಸಂಖ್ಯೆ ಕೊನೆಗೆ 240ಕ್ಕೇ ಬಂದು ನಿಲ್ಲುತ್ತದೆ. ಎಂದರೆ ಭವಿಷ್ಯದ ದೃಷ್ಟಿಯಿಂದ ಒಂದು ಪ್ರೌಢ ಹೆಣ್ಣು ಮೂರು ಎಳೆಯವಕ್ಕೆ ಸಮ. ಇದನ್ನು ಆರ್. ಎ. ಫಿಶರ್ 1930ರಲ್ಲಿ ಸಂತಾನ ಮೌಲ್ಯ ಎಂಬ ಅರ್ಥದ ಹೆಸರಿನಿಂದ ಕರೆದಿದ್ದ. ಸಂರಕ್ಷಣೆಯ ಹಣ ಮತ್ತು ಶ್ರಮವನ್ನು ಯಾವ ವಯಸ್ಸಿನ ಮೇಲೆ ವ್ಯಯಿಸಬೇಕು ಎಂಬ ಪ್ರಶ್ನೆಗೆ ಇದೇ ಕೀಲಿಕೈ.

ಅಮೆರಿಕದ ಆಗ್ನೇಯ ಕರಾವಳಿಯ ಲಾಗರ್‌ಹೆಡ್ ಕಡಲಾಮೆಗಳು ಕಡಿಮೆಯಾಗುತ್ತಿದ್ದಾಗ, ದಡದಲ್ಲಿ ಮೊಟ್ಟೆಗಳನ್ನು ಕಾಯುವುದೇ ಮುಖ್ಯ ಉಪಾಯವಾಗಿತ್ತು. ಮೊಟ್ಟೆ ಕಣ್ಣಿಗೆ ಕಾಣುತ್ತದೆ, ಕಾಯುವುದೂ ಸುಲಭ. ಆದರೆ ಈ ಆಮೆಯ ಮಾದರಿ ರಚಿಸುವುದರಲ್ಲಿ ಒಂದು ತೊಡಕಿತ್ತು: ಅದರ ವಯಸ್ಸನ್ನು ಹೇಳುವುದು ಕಷ್ಟ, ಗಾತ್ರವನ್ನು ಅಳೆಯುವುದು ಸುಲಭ. ವಯಸ್ಸಿನ ಬದಲು ಬೆಳವಣಿಗೆಯ ಹಂತಗಳಿಂದ ಮಾತೃಕೆ ಕಟ್ಟುವ ವಿಧಾನವನ್ನು ಲೆಫ್ಕೊವಿಚ್ 1965ರಲ್ಲಿ ತೋರಿಸಿದ್ದ. ಅದನ್ನು ಬಳಸಿ ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್ ಮತ್ತು ಹ್ಯಾಲ್ ಕ್ಯಾಸ್ವೆಲ್ 1987ರಲ್ಲಿ ಏಳು ಹಂತಗಳ ಮಾದರಿ ಪ್ರಕಟಿಸಿದರು. ಬೆಳವಣಿಗೆಯ ಅನುಪಾತ ಸುಮಾರು 0.945 ಎಂದು ಬಂತು. ಹೀಗೆಯೇ ಮುಂದುವರಿದರೆ ಸುಮಾರು 12 ವರ್ಷಕ್ಕೆ ಸಂಖ್ಯೆ ಅರ್ಧವಾಗುತ್ತದೆ. ನಂತರ ಅವರು ಮಾತೃಕೆಯಲ್ಲಿ ಮೊಟ್ಟೆ ಹಾಗೂ ಮರಿಗಳ ಮೊದಲ ವರ್ಷದ ಉಳಿವನ್ನು ಶೇಕಡ 100ಕ್ಕೆ ಏರಿಸಿ ನೋಡಿದರು. ಆದರೂ ಅನುಪಾತ 1ನ್ನು ಮುಟ್ಟಲಿಲ್ಲ! ಪ್ರಾಯಕ್ಕೆ ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುವ ಈ ಪ್ರಾಣಿಯಲ್ಲಿ ನಿರ್ಣಾಯಕವಾದದ್ದು ಬಲಿತ ಮರಿಗಳ ಮತ್ತು ಪ್ರೌಢ ಆಮೆಗಳ ಉಳಿವು. ಅವು ಸಾಯುತ್ತಿದ್ದುದು ಸೀಗಡಿ ಹಿಡಿಯುವ ಟ್ರಾಲ್ ಬಲೆಗಳಲ್ಲಿ ಸಿಕ್ಕಿ, ಉಸಿರುಕಟ್ಟಿ.

ಅದೇ ವರ್ಷ ಅಮೆರಿಕದಲ್ಲಿ, ಬಲೆಯೊಳಗೆ ಸರಳುಗಳ ಚೌಕಟ್ಟು ಇಟ್ಟು ಆಮೆ ಹೊರಬೀಳುವಂತೆ ಮಾಡುವ ಸಾಧನವನ್ನು ಕಡ್ಡಾಯಗೊಳಿಸುವ ನಿಯಮ ಬಂತು. ಮೀನುಗಾರರ ವಿರೋಧ ತೀವ್ರವಾಗಿತ್ತು. ಆ ವಾದದಲ್ಲಿ ಈ ಲೆಕ್ಕ ಪ್ರಮುಖ ಆಧಾರವಾಯಿತು. ಮುಂದೆ ಈ ಸಾಧನ ಬಳಸದ ದೇಶಗಳ ಸೀಗಡಿಯನ್ನು ಅಮೆರಿಕ ನಿಷೇಧಿಸಿದಾಗ ಭಾರತ, ಮಲೇಷ್ಯ, ಪಾಕಿಸ್ತಾನ, ಥಾಯ್ಲೆಂಡ್ ದೇಶಗಳು ವಿಶ್ವ ವಾಣಿಜ್ಯ ಸಂಸ್ಥೆಗೆ ದೂರು ಒಯ್ದವು. 1998ರಲ್ಲಿ ತೀರ್ಪು ಹೊರಬಿತ್ತು. ಅದರ ವಾಣಿಜ್ಯ ನ್ಯಾಯ ಬೇರೆ ವಿಷಯ. ನಮ್ಮ ಹೊನ್ನಾವರ, ಕುಂದಾಪುರದ ಸುತ್ತಿನ ಮರಳ ದಂಡೆಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಸ್ಥಳೀಯರೂ ಅರಣ್ಯ ಇಲಾಖೆಯೂ ಅವನ್ನು ಕಾಯುತ್ತಾರೆ. ಇದು ಒಳ್ಳೆಯ ಕೆಲಸವೇ. ಆದರೆ ಪ್ರಭೇದ ಬೇರೆಯಾದರೂ ಕೇಳಬೇಕಾದ ಪ್ರಶ್ನೆ ಅದೇ: ದಡದಲ್ಲಿ ಕಾದು ಬಿಟ್ಟ ಮರಿ ಪ್ರಾಯಕ್ಕೆ ಬರುವವರೆಗೆ ಕಡಲಿನಲ್ಲಿ ಉಳಿಯುತ್ತದೆಯೆ?

ಆನೆಯ ಲೆಕ್ಕ

ಈಗ ಆನೆಗೆ ಬರೋಣ. 1980ರ ದಶಕದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಆನೆಗಳನ್ನು ಅಧ್ಯಯನ ಮಾಡಿದರು. ಆನೆಯ ಭುಜದ ಎತ್ತರದಿಂದ ವಯಸ್ಸನ್ನು ಅಂದಾಜು ಮಾಡಿ, ಹುಟ್ಟು ಸಾವಿನ ದರಗಳನ್ನು ಕಲೆಹಾಕಿ, ಆ ಸಮೂಹದ ಮುಂದಿನ ದಾರಿಯನ್ನು ಲೆಕ್ಕ ಹಾಕಿದರು. ಏಷ್ಯಾದ ಆನೆಯ ಬಗ್ಗೆ ಅವರ ಪುಸ್ತಕ 1989ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಮುದ್ರಣಾಲಯದಿಂದ ಪ್ರಕಟವಾಯಿತು.

ಆನೆಯ ಲೆಕ್ಕದಲ್ಲಿ ಪ್ರೌಢ ಹೆಣ್ಣಿನ ಉಳಿವು ಏಕೆ ಮುಖ್ಯ ಎಂಬುದನ್ನು ಒಂದು ಒರಟು ಉದಾಹರಣೆಯಿಂದ ತಿಳಿಯಬಹುದು. ಪ್ರೌಢ ಹೆಣ್ಣಾನೆ ಐದು ವರ್ಷಕ್ಕೊಂದು ಮರಿ ಹಾಕುತ್ತದೆ, ಅದರಲ್ಲಿ ಅರ್ಧ ಹೆಣ್ಣು, ಹೆಣ್ಣು ಮರಿಗಳಲ್ಲಿ ಅರ್ಧ ಪ್ರಾಯಕ್ಕೆ ಬರುತ್ತವೆ ಎಂದಿಟ್ಟುಕೊಳ್ಳಿ. ಆಗ ನೂರು ಹೆಣ್ಣಾನೆಗಳಿಗೆ ವರ್ಷಕ್ಕೆ 5 ಹೊಸ ಪ್ರೌಢ ಹೆಣ್ಣುಗಳು ಸೇರುತ್ತವೆ. ವರ್ಷಕ್ಕೆ ನೂರರಲ್ಲಿ 3 ಸತ್ತರೆ ಹಿಂಡು ನಿಧಾನವಾಗಿ ಬೆಳೆಯುತ್ತದೆ. ವಿದ್ಯುತ್ ಬೇಲಿ, ರೈಲು, ವಿಷ, ಗುಂಡು ಸೇರಿ ಆ ಸಂಖ್ಯೆ 8 ಆದರೆ, ನಷ್ಟ ತುಂಬಲು ಪ್ರತಿ ಹೆಣ್ಣೂ ಮೂರು ವರ್ಷಕ್ಕೊಂದು ಮರಿ ಹಾಕಬೇಕಾಗುತ್ತದೆ. ಗರ್ಭವೇ ಇಪ್ಪತ್ತು ತಿಂಗಳ ಆಸುಪಾಸು, ಅದರ ಮೇಲೆ ಮೊಲೆಯೂಡಿಸುವ ಕಾಲ. ಆನೆಗೆ ಇದು ಸಾಧ್ಯವಾಗದ ಮಾತು. ಸೊಂಡಿಲು ಹುಳು ಒಂದು ವಾರದಲ್ಲಿ ತುಂಬಿಕೊಳ್ಳುವ ನಷ್ಟವನ್ನು ಸೊಂಡಿಲಿನ ಪ್ರಾಣಿ ಹತ್ತಾರು ವರ್ಷಗಳಲ್ಲಿಯೂ ತುಂಬಿಕೊಳ್ಳಲಾರದು.

ಮಾತೃಕೆಯ ಮಿತಿ

ಈ ವಿಧಾನದ ಮಿತಿಗಳನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ಮೊದಲನೆಯದಾಗಿ, ಹೆಣ್ಣುಗಳನ್ನು ಮಾತ್ರ ಎಣಿಸುವುದರಿಂದ ಗಂಡುಗಳ ನಷ್ಟ ನೇರವಾಗಿ ಕಾಣುವುದಿಲ್ಲ. ದಂತಕ್ಕಾಗಿ ಗಂಡಾನೆಗಳನ್ನೇ ಕೊಂದ ಪರಿಣಾಮವಾಗಿ ಕೇರಳದ ಪೆರಿಯಾರ್‌ನಲ್ಲಿ 1990ರ ದಶಕದ ವೇಳೆಗೆ ನೂರು ಪ್ರೌಢ ಹೆಣ್ಣುಗಳಿಗೆ ಒಂದೇ ಪ್ರೌಢ ಗಂಡು ಉಳಿದಿತ್ತು. ಮರಿಗಳ ಹುಟ್ಟೂ ಇಳಿಯಿತು. ಎರಡನೆಯದಾಗಿ, ಮಾತೃಕೆಯ ಸಂಖ್ಯೆಗಳು ಸದಾ ಒಂದೇ ಆಗಿರುವುದಿಲ್ಲ. ಸಂಖ್ಯೆ ಹೆಚ್ಚಿದಂತೆ ಮೇವು ಕಡಿಮೆಯಾಗುತ್ತದೆ, ಬರಗಾಲ ಬರುತ್ತದೆ. ಲೆಸ್ಲಿ ಸ್ವತಃ 1948ರ ಪ್ರಬಂಧದಲ್ಲಿ ಸಾಂದ್ರತೆಯ ಪ್ರಭಾವವನ್ನು ಸೇರಿಸಲು ಪ್ರಯತ್ನಿಸಿದ. ಮೂರನೆಯದಾಗಿ, ಸಮೂಹ ಚಿಕ್ಕದಾದಾಗ ಆಕಸ್ಮಿಕಗಳೇ ಮೇಲುಗೈ ಪಡೆಯುತ್ತವೆ.

ಹಾಗಾದರೆ ಈ ಲೆಕ್ಕ ಭವಿಷ್ಯ ಹೇಳುತ್ತದೆಯೆ? ಇಲ್ಲ. ನ್ಯೂಟನ್ನನ ಮೊದಲ ನಿಯಮ, ಬಲ ಪ್ರಯೋಗವಾಗದಿದ್ದರೆ ವಸ್ತು ಎತ್ತ ಸಾಗುತ್ತದೆ ಎಂದು ಹೇಳುತ್ತದೆ. ಲೆಸ್ಲಿಯ ಮಾತೃಕೆಯೂ ಇಂದಿನ ಹುಟ್ಟು ಸಾವಿನ ದರಗಳು ಹೀಗೆಯೇ ಇದ್ದರೆ ಏನಾಗುತ್ತದೆ ಎಂದಷ್ಟೇ ಹೇಳುತ್ತದೆ. ಅದರ ಪ್ರಯೋಜನ ಅಲ್ಲಿಯೇ ಇದೆ. ಹೀಗೆಯೇ ಇರಬಾರದು ಎಂದಾದರೆ ಯಾವ ಸಂಖ್ಯೆಯನ್ನು ಬದಲಾಯಿಸಬೇಕು ಎಂಬುದನ್ನು ಅದು ತೋರಿಸಿಕೊಡುತ್ತದೆ.

ಪಿಯುಸಿ ಮತ್ತು ಪದವಿ ತರಗತಿಗಳಲ್ಲಿ ಮಾತೃಕೆಯನ್ನು ಕಲಿಸುವಾಗ ಶಿಕ್ಷಕರು ಮೇಲಿನ ಎರಡು ದುಂಬಿಗಳ ಲೆಕ್ಕವನ್ನು ಮಾಡಿಸಬಹುದು. ಎರಡನೆಯ ದುಂಬಿಯಲ್ಲಿ ಮೊದಲ ವರ್ಷದ ಉಳಿವನ್ನು, ಆಮೇಲೆ ಮೂರನೆಯ ವರ್ಷದ ಮರಿಗಳ ಸಂಖ್ಯೆಯನ್ನು ಸ್ವಲ್ಪ ಸ್ವಲ್ಪವೇ ಬದಲಾಯಿಸಿ, ಯಾವುದರಿಂದ ಹೆಚ್ಚು ಪರಿಣಾಮ ಎಂದು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ. ಮುಂದಿನ ಗಣತಿಯ ಸಂಖ್ಯೆ ಪತ್ರಿಕೆಯಲ್ಲಿ ಬಂದಾಗ, ಎಷ್ಟಿವೆ ಎಂದು ಓದಿ ಮುಗಿಸದೆ, ಯಾವ ವಯಸ್ಸಿನವು ಎಷ್ಟು ಎಂದು ಅವರು ಕೇಳುವಂತಾದರೆ ಆ ಪಾಠ ಸಾರ್ಥಕ.